ಅತ್ತೆ ಸಿಗಲಿಲ್ಲ, ವಾರಗಿತ್ತಿ ಸಿಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ವಾರಗಿತ್ತಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ. ಕೆಟ್ಟವರನ್ನು ಮನಸಾರೆ ಬೈದು ಮಗ್ಗುಲಾದರೆ ನಿದ್ದೆಯಾದರೂ ಬರುತ್ತದೆ. ಇವಳನ್ನು ಬೈಯಬೇಕೆಂದರೆ ಕಾರಣ ಹುಡುಕುವುದರಲ್ಲೇ ಸಾಕುಸಾಕಾಗಿಹೋಗುತ್ತದೆ.

ನಾನು ಡಿಟಿಪಿಯವಳು. ಬರೆಯುವವರು ಬರೆದು ಕೊಟ್ಟಿದ್ದನ್ನು ಕಂಪ್ಯೂಟರಿನಲ್ಲಿ ಪುಟಪುಟವಾಗಿ ಕೂರಿಸಿ, ಚಿತ್ರ ಜೋಡಿಸಿ, ಅಚ್ಚಿಗೆ ಕಳಿಸುವ ಕೆಲಸ. ನಮ್ಮ ಪ್ರಕಾಶನದಿಂದ ಬೇಕಾದಷ್ಟು ಪುಸ್ತಕ ಬರುತ್ತವೆ, ಆದರೆ ಜನ ನಮ್ಮನ್ನು ಗುರುತಿಸುವುದು ಮಕ್ಕಳ ವಿಶ್ವಕೋಶದಿಂದ. ದಪ್ಪ ದಪ್ಪ ಸಂಪುಟಗಳು. ಅದರಲ್ಲಿ ಒಂದೇ ಒಂದು ಪುಟವನ್ನೂ ನಾನು ಬೇರೆಯವರಿಗೆ ಮುಟ್ಟಲು ಬಿಟ್ಟವಳಲ್ಲ. ಆನೆಯ ಪುಟದಲ್ಲಿ ಸೊಂಡಿಲಿನ ಸುತ್ತ ಸಾಲುಗಳನ್ನು ಬಳಸಿ ಹರಿಸಿದವಳು ನಾನು. ಜ್ವಾಲಾಮುಖಿಯ ಪುಟ ತೆರೆದರೆ ನಮ್ಮ ಮಕ್ಕಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಎಂದು ಒಬ್ಬ ಮೇಷ್ಟರು ಆಫೀಸಿಗೇ ಬಂದು ಹೇಳಿ ಹೋಗಿದ್ದರು. ಅದನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆಯುವ ಮುಂಚೆಯೇ ನಮ್ಮನೆಯವರು ಹೂಂ ಅಂದುಬಿಡುತ್ತಾರೆ.

ನಮ್ಮತ್ತೆ ಮಾತ್ರ ಹೂಂ ಅನ್ನುವುದಿಲ್ಲ. ಅವರು ಹೊಲಿಗೆಯವರು. ಈಗಲೂ ಬೀದಿಯ ಅರ್ಧ ಜನ ಅವರ ಕೈಯಲ್ಲೇ ಬಟ್ಟೆ ಹೊಲಿಸುತ್ತಾರೆ. ವಿಶ್ವಕೋಶದ ಒಂದು ಸಂಪುಟವನ್ನು ನಾನು ಆಸೆಯಿಂದ ತಂದುಕೊಟ್ಟರೆ, ಹೊಲಿಗೆ ಮಿಷನ್ನಿನ ಒಂದು ಕಾಲು ಅಲ್ಲಾಡುತ್ತದೆ ಎಂದು ಅದರ ಕೆಳಗೆ ಇಟ್ಟುಕೊಂಡರು. ನೋಡು, ಈಗ ಮಿಷನ್ ಗಟ್ಟಿಯಾಗಿ ನಿಂತಿದೆ ಎಂದು ನನಗೇ ತೋರಿಸಿದರು. ಅದೇ ಅತ್ತೆ, ಚಿಕ್ಕವಳು ಅವರ ಮೊಬೈಲಿನ ಅಕ್ಷರ ಸ್ವಲ್ಪ ದೊಡ್ಡದು ಮಾಡಿಕೊಟ್ಟಿದ್ದಕ್ಕೆ ಬಟ್ಟೆ ಕೊಡಲು ಬಂದವರಿಗೆಲ್ಲ ಕರೆದು ಕರೆದು ಹೇಳಿದರು. ಚಿಕ್ಕವಳೆಂದರೆ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಅವರಿಬ್ಬರೂ ಮಹಡಿಯ ಮೇಲೆ, ನಾವು ಮತ್ತು ಅತ್ತೆ ಕೆಳಗೆ, ಅಡುಗೆಮನೆ ಒಂದೇ. ಅವಳು ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆಯುವವಳು. ಒಂದೇ ಕೆಲಸವನ್ನು ಮನುಷ್ಯ ಸಾವಿರ ಸಲ ಮಾಡಬೇಕಾದ ಕಡೆ, ಅದನ್ನು ಹೇಗೆ ಮಾಡಬೇಕೆಂದು ಒಂದು ಸಲ ಬರೆದಿಟ್ಟು, ಕಂಪ್ಯೂಟರಿನಿಂದಲೇ ಮಾಡಿಸುವುದು. ಕೈಗೆ ಮಸಿ ಇಲ್ಲ, ಕಣ್ಣಿಗೆ ನೋವಿಲ್ಲ. ಮಹಡಿಯಿಂದ ಇಳಿದು ಬರುವಾಗಲೂ ಈಗ ತಾನೇ ಸ್ನಾನ ಮಾಡಿದವಳಂತೆ ಇರುತ್ತಾಳೆ.

ಈಗ ನನ್ನ ಒಂದು ಚಟದ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಕೆಟ್ಟಿದ್ದು ಅಲ್ಲೇ. ನಮ್ಮ ಕೆಲಸದಲ್ಲಿ ಪುಟದ ಒಂದೊಂದು ಬಗೆಯ ಸಾಲಿಗೂ ಒಂದು ಸ್ಟೈಲ್ ಮಾಡಿಟ್ಟುಕೊಳ್ಳುತ್ತೇವೆ. ಅಕ್ಷರದ ಗಾತ್ರ, ಬಣ್ಣ, ಮೇಲೆ ಕೆಳಗೆ ಬಿಡುವ ಜಾಗ ಎಲ್ಲ ಅದರಲ್ಲೇ ಇರುತ್ತದೆ. ಅದಕ್ಕೊಂದು ಹೆಸರು. ಸಾಲಿನ ಮೇಲೆ ಕರ್ಸರ್ ಇಟ್ಟು ಹೆಸರು ಒತ್ತಿದರೆ ಸಾಲು ಆ ವೇಷ ಹಾಕಿಕೊಂಡು ನಿಲ್ಲುತ್ತದೆ. ಬೇರೆಯವರು ತಲೆಬರಹ, ಉಪಶೀರ್ಷಿಕೆ ಎಂದು ನೀಟಾಗಿ ಹೆಸರಿಡುತ್ತಾರೆ. ನನ್ನ ಫೈಲುಗಳನ್ನು ನಾನಲ್ಲದೆ ಇನ್ಯಾರು ತೆರೆಯುತ್ತಾರೆ ಎಂದು ನಾನು ಮನೆಯವರ ಹೆಸರಿಟ್ಟಿದ್ದೆ. ಪುಟದ ಮೇಲುಗಡೆ ದಪ್ಪಕ್ಕೆ ಕೂತು ಮೇಲೂ ಕೆಳಗೂ ಜಾಗ ಕೇಳುವ ತಲೆಬರಹ ಅತ್ತೆ. ಯಾರ ಕಣ್ಣಿಗೂ ಬೀಳದೆ, ಎಲ್ಲಿ ಬಿಟ್ಟರೆ ಅಲ್ಲಿ ತಣ್ಣಗೆ ಹರಿದುಕೊಂಡು ಹೋಗುವ ಮಾಮೂಲಿ ಪಠ್ಯ ನಮ್ಮನೆಯವರು. ಚಿತ್ರದ ಕೆಳಗೆ ಸುಮ್ಮನೆ ನಿಲ್ಲುವ ಅಡಿಬರಹ ಮೈದುನ. ಅವನ ಮದುವೆಯಾದ ವರ್ಷವೇ ನಾನು ವಿಶ್ವಕೋಶಕ್ಕೆ ಒಂದು ಬಾಕ್ಸ್ ಮಾಡಿದೆ. 'ನಿಮಗಿದು ಗೊತ್ತೇ?' ಎಂದು ಪುಟಕ್ಕೊಂದು ಬರುತ್ತದಲ್ಲ, ಅದು. ಬಣ್ಣದ ಹಿನ್ನೆಲೆ, ಚಿನ್ನದ ಅಂಚು, ಸುತ್ತ ನೆರಳು. ಬಂದವಳೇ ಎಲ್ಲರ ಜಾಗ ಕಬಳಿಸಿ ನಡುಮಧ್ಯೆ ಕೂರುವವಳು, ಮಕ್ಕಳು ಪುಟ ತೆರೆದರೆ ಮೊದಲು ಓದುವುದೂ ಅವಳನ್ನೇ. ಅದಕ್ಕೆ ಏನು ಹೆಸರಿಟ್ಟೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ನಮ್ಮ ಮಾಲೀಕರಿಗೆ ವಿಶ್ವಕೋಶವನ್ನು ಎಕ್ಸ್‌ಎಂಎಲ್ ಮಾಡಿಸುವ ಹುಚ್ಚು ಹತ್ತಿತು. ನನ್ನ ಪುಟಗಳಲ್ಲಿ ಇರುವುದು ನೋಟ. ಎಕ್ಸ್‌ಎಂಎಲ್‌ನಲ್ಲಿ ನೋಟ ಇರುವುದಿಲ್ಲ, ಪ್ರತಿ ಸಾಲಿನ ಹಿಂದೆ ಮುಂದೆ ಒಂದು ಟ್ಯಾಗ್ ಇರುತ್ತದೆ, ಇದು ತಲೆಬರಹ, ಇದು ಪಠ್ಯ, ಇದು ಬಾಕ್ಸ್ ಎಂದು ಹೇಳುವುದಕ್ಕೆ. ಅಷ್ಟಿದ್ದರೆ ಸಾಕಂತೆ, ಅದೇ ಪಠ್ಯ ಮೊಬೈಲಿಗೂ ಹೋಗುತ್ತದೆ, ವೆಬ್‌ಸೈಟಿಗೂ ಹೋಗುತ್ತದೆ, ಕಾಗದಕ್ಕೂ ತಾನಾಗಿಯೇ ಹರಿದು ಕೂರುತ್ತದೆ. ತಾನಾಗಿಯೇ ಅಂದರೇನು? ಹಾಗಾದರೆ ಸೊಂಡಿಲಿನ ಸುತ್ತ ಸಾಲು ಹರಿಸುವವರು ಯಾರು? ಮಾಲೀಕರು ಮುಚ್ಚುಮರೆ ಮಾಡಲಿಲ್ಲ. ಕೆಲಸ ಸರಿಹೋದರೆ ವಿಶ್ವಕೋಶದ ಹೊಣೆಯನ್ನೆಲ್ಲ ಒಬ್ಬರಿಗೇ ವಹಿಸುತ್ತೇನೆ, ಉಳಿದವರು ಕರಪತ್ರ, ಕ್ಯಾಲೆಂಡರ್ ವಿಭಾಗಕ್ಕೆ ಹೋಗಬೇಕಾಗುತ್ತದೆ ಅಂದರು. ಉಳಿದವರು ಅನ್ನುವಾಗ ನನ್ನ ಕಡೆಯೇ ನೋಡಿದರು, ಯಾಕೆಂದರೆ ಆ ಕೋಣೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ.

ಸ್ಕ್ರಿಪ್ಟ್ ಬರೆಯುವವರು ಯಾರಾದರೂ ಗೊತ್ತಾ ಎಂದು ಅವರು ಕೇಳಿದ್ದನ್ನು ನಾನು ಮನೆಯಲ್ಲಿ ಬಾಯಿತಪ್ಪಿ ಆಡಿದೆ. ನಮ್ಮನೆಯವರು ತಟ್ಟೆಯಿಂದ ತಲೆ ಎತ್ತಿ, ಯಾಕೆ, ನಮ್ಮ ಚಿಕ್ಕವಳೇ ಇದ್ದಾಳಲ್ಲ ಅಂದರು. ಜೀವಮಾನದಲ್ಲಿ ಒಂದು ಸಲಹೆ ಕೊಡದ ಮನುಷ್ಯ! ಅತ್ತೆಯ ಮುಖ ಅರಳಿದ್ದು ನೋಡಬೇಕಿತ್ತು.

ಹಾಗೆ ಅವಳು ನನ್ನ ಆಫೀಸಿಗೂ ಬಂದಳು. ಕಿಟಕಿ ಪಕ್ಕ ನನ್ನ ಮೇಜು, ಅವಳಿಗೆ ಬಾಗಿಲ ಹತ್ತಿರ ಒಂದು ಮೂಲೆ ಕೊಟ್ಟರು. ವಾರ ಕಳೆಯುವುದರೊಳಗೆ ಆ ಮೂಲೆಯೇ ಆಫೀಸಿನ ನಡುಮನೆಯಾಯಿತು. ಪ್ರಿಂಟರ್ ಮುನಿಸಿಕೊಂಡರೆ ಅವಳು, ಫೈಲ್ ಕಳೆದರೆ ಅವಳು. ನಮ್ಮ ಸಂಪಾದಕರು ನಕ್ಕಿದ್ದನ್ನು ಕಂಡವರಿಲ್ಲ, ಅವರು ಕೂಡ ಚಹಾ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅನ್ನಿ, ಅನ್ನಿಸಿಕೊಳ್ಳುತ್ತೇನೆ. ಮನೆಯಲ್ಲಿ ಅತ್ತೆಯನ್ನು ಬಿಟ್ಟುಕೊಟ್ಟಿದ್ದೆ, ಅಡುಗೆಮನೆಯ ಒಳ್ಳೆಯ ಒಲೆಯನ್ನು ಬಿಟ್ಟುಕೊಟ್ಟಿದ್ದೆ. ನನ್ನದೆಂದು ಉಳಿದಿದ್ದದ್ದು ವಿಶ್ವಕೋಶ ಒಂದೇ.

ಮೊದಮೊದಲು ಅವಳು ಏನೇನೋ ಕೇಳಲು ಬರುತ್ತಿದ್ದಳು. ಅಕ್ಕ, ಈ ಪುಟದಲ್ಲಿ ಈ ಸಾಲು ಯಾಕೆ ಬೇರೆ ಥರ ಇದೆ, ಅಕ್ಕ, ಇಲ್ಲೊಂದು ಖಾಲಿ ಜಾಗ ಬಿಟ್ಟಿದ್ದೀರಲ್ಲ ಎಂದು. ನಾನು ಪರದೆಯಿಂದ ಕಣ್ಣು ಕೀಳದೆ, ನಿನ್ನ ಸ್ಕ್ರಿಪ್ಟನ್ನೇ ಕೇಳು ಅನ್ನುತ್ತಿದ್ದೆ. ಆಮೇಲೆ ಬರುವುದನ್ನು ಬಿಟ್ಟಳು. ಬಿಟ್ಟಿದ್ದಕ್ಕೂ ನನಗೆ ಸಿಟ್ಟು. ಓಹೋ, ನನ್ನ ಅವಶ್ಯಕತೆಯೇ ಇಲ್ಲವಾಯಿತಲ್ಲ ಇವಳಿಗೆ ಎಂದು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳ ಮೇಜಿನ ಪಕ್ಕ ಹಾದುಹೋದೆ. ಇಣುಕಿದೆ ಅಂದರೂ ಸರಿಯೇ. ಪರದೆಯ ಮೇಲೆ ಎಡಗಡೆ ಸಾಲಾಗಿ ಅತ್ತೆ, ನಮ್ಮನೆಯವರು, ಮೈದುನ, ವಾರಗಿತ್ತಿ ಎಂದು ಬರೆದಿತ್ತು. ಬಲಗಡೆಯೂ ಏನೋ ಇತ್ತು, ಅದನ್ನು ನೋಡಲು ನನಗೆ ಕಣ್ಣೆಲ್ಲಿತ್ತು? ಸ್ಕ್ರಿಪ್ಟ್ ಅಂದರೆ ಅಕ್ಷರ ಮಾತ್ರ ಓದುತ್ತದೆ ಎಂದುಕೊಂಡಿದ್ದೆ, ಅದು ನನ್ನ ಒಳಮನೆಗೂ ನುಗ್ಗುತ್ತದೆ ಎಂದು ಯಾರು ಹೇಳಿದ್ದರು ನನಗೆ? ಎಲ್ಲ ನೋಡಿಬಿಟ್ಟಿದ್ದಾಳೆ. ನೋಡಿಯೂ ಒಂದು ಮಾತಾಡಿಲ್ಲ. ಅಂದಮೇಲೆ ಬೇರೆ ಕಡೆ ಆಡಿರಬೇಕು. ಅಂದು ಸಂಜೆ ಅವಳು ಅತ್ತೆಗೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು, ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು, ನಾನು ಒಳಗೆ ಬರುತ್ತಲೇ ಅತ್ತೆ ನಗು ನಿಲ್ಲಿಸಿದರು. ಅಷ್ಟು ಸಾಕಾಯಿತು ನನಗೆ.

ಮರುದಿನ ಅವಳು ಬೇರೆ ಕೆಲಸಕ್ಕೆ ಹೊರಗೆ ಹೋದದ್ದೇ ತಡ, ಕೂತು ಒಂದೊಂದೇ ಸಂಪುಟ ತೆರೆದು ಸ್ಟೈಲುಗಳ ಹೆಸರು ಬದಲಾಯಿಸುತ್ತಾ ಹೋದೆ. ಅತ್ತೆಯನ್ನು ತೆಗೆದು ತಲೆಬರಹ. ವಾರಗಿತ್ತಿಯನ್ನು ತೆಗೆದು ಬಾಕ್ಸ್. ಅಚ್ಚುಕಟ್ಟು, ಮರ್ಯಾದಸ್ಥ ಹೆಸರುಗಳು. ಪುಟದಲ್ಲಿ ಒಂದು ಕೂದಲೆಳೆಯೂ ಕದಲಲಿಲ್ಲ, ಬಣ್ಣ, ಅಂಚು, ನೆರಳು ಎಲ್ಲ ಇದ್ದ ಹಾಗೇ ಇತ್ತು. ಇನ್ನು ಯಾರು ಏನು ಹೇಳಿದರೂ, ಎಲ್ಲಿ, ತೋರಿಸಿ ನೋಡೋಣ ಅನ್ನಬಹುದು. ಯಾರಿಗೂ ಹೇಳದೆ ಕೈತೊಳೆದುಕೊಂಡು ಎದ್ದೆ. ಆ ಹೆಸರುಗಳನ್ನು ಹಿಡಿದುಕೊಂಡೇ ಅವಳ ಸ್ಕ್ರಿಪ್ಟ್ ನಡೆಯುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ತೋರಿಸುವ ದಿನ ಬಂತು. ಮಾಲೀಕರ ಕೋಣೆಯಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆದು ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟಿದ್ದರು. ಮಾಲೀಕರು, ಸಂಪಾದಕರು, ನಾನು, ಅವಳು. ಹೋದ ವಾರ ಓಡಿಸಿದಾಗ ಚೆನ್ನಾಗಿ ನಡೆದಿದೆ ಎಂದು ಅವಳು ನಾಚಿಕೊಂಡೇ ಹೇಳಿ ಬಟನ್ ಒತ್ತಿದಳು. ಗೋಡೆಯ ಮೇಲೆ ಒಂದೊಂದೇ ಸಾಲು ಬರತೊಡಗಿತು.

ಅತ್ತೆ ಸಿಗಲಿಲ್ಲ.
ನಮ್ಮನೆಯವರು ಸಿಗಲಿಲ್ಲ.
ಮೈದುನ ಸಿಗಲಿಲ್ಲ.
ವಾರಗಿತ್ತಿ ಸಿಗಲಿಲ್ಲ.

ಅವಳು ಗಾಬರಿಯಾಗಿ ಇನ್ನೊಂದು ಸಂಪುಟ ತೆರೆದಳು. ಅಲ್ಲೂ ಅತ್ತೆ ಸಿಗಲಿಲ್ಲ. ಆಮೇಲೆ ಎಕ್ಸ್‌ಎಂಎಲ್ ತೆರೆದುಕೊಂಡಿತು. ತಲೆಬರಹ, ಪಠ್ಯ, ಬಾಕ್ಸ್ ಎಂದು ಟ್ಯಾಗ್ ಇರಬೇಕಾದ ಕಡೆಯೆಲ್ಲ ಒಂದೇ ಟ್ಯಾಗ್. ಆನೆಯ ಹಿಂದೆ ಮುಂದೆ 'ಅಕ್ಕ'. ಜ್ವಾಲಾಮುಖಿಯ ಹಿಂದೆ ಮುಂದೆ 'ಅಕ್ಕ'. ಗೋಡೆಯ ತುಂಬ ಅಕ್ಕ, ಅಕ್ಕ, ಅಕ್ಕ.

ತಪ್ಪು ಎಲ್ಲಿದೆ ಎಂದು ಹುಡುಕಲು ಅವಳು ತನ್ನ ಪಟ್ಟಿಯನ್ನೇ ಗೋಡೆಗೆ ತಂದಳು, ಎಡಗಡೆ ಅತ್ತೆ, ಬಲಗಡೆ ತಲೆಬರಹ, ಎಡಗಡೆ ವಾರಗಿತ್ತಿ, ಬಲಗಡೆ ಬಾಕ್ಸ್. ಆಗ ನನಗೆ ಅರ್ಥವಾಯಿತು. ಅವಳ ಪರದೆಯ ಎಡಗಡೆ ಇದ್ದದ್ದು ನಾನಿಟ್ಟ ಹೆಸರು, ಬಲಗಡೆ ಇದ್ದದ್ದು ಅದನ್ನು ಏನಾಗಿ ಬದಲಾಯಿಸಬೇಕೆಂಬುದು. ನನ್ನ ಮಾನ ಮುಚ್ಚುವ ಹಾಗೆ ಅವಳೇ ಎಂದೋ ಸದ್ದಿಲ್ಲದೆ ಏರ್ಪಾಡು ಮಾಡಿದ್ದಳು. ಮುಚ್ಚಿದ್ದನ್ನು ತೆಗೆದು ಗೋಡೆಗೆ ಅಂಟಿಸಿದವಳು ನಾನು.

ಇದೇನಮ್ಮಾ ಇದು, ಅತ್ತೆ, ಮೈದುನ ಎಂದು ಮಾಲೀಕರು ಕೇಳಿದರು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು, ಅಷ್ಟೇ. ನಂತರ ಅವು ನಾನೇ ಇಟ್ಟುಕೊಂಡ ಹೆಸರುಗಳು ಸಾರ್, ನೆನಪಿರಲಿ ಅಂತ, ಎಲ್ಲೋ ನನ್ನ ಕಡೆಯಿಂದಲೇ ತಪ್ಪಾಗಿದೆ ಅಂದಳು. ಮಾಲೀಕರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. ಇಷ್ಟು ದಿನ ಕಾದಿದ್ದಕ್ಕೆ ಇದಾ ಫಲ, ಇದರ ಸಹವಾಸವೇ ಬೇಡ, ಹಳೆಯ ಹಾಗೆ ಪುಟ ಕೂರಿಸಿಕೊಂಡೇ ಹೋಗೋಣ ಅಂದರು.

ಕೇಳಿದಿರಾ? ಹಳೆಯ ಹಾಗೆ. ನನ್ನ ವಿಶ್ವಕೋಶ ನನಗೆ ವಾಪಸು ಬಂದಾಗಿತ್ತು. ನಾನು ಮಾಡಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಕೂತೆ ಕೂಡ. ದೇವರಾಣೆ, ಕೂತಿದ್ದೆ.

ಆಗ ಸಂಪಾದಕರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ತಲೆಬರಹ ಅತ್ತೆ, ಹರಿಯುವ ಪಠ್ಯ ಗಂಡ, ಎಲ್ಲರ ಜಾಗ ತಿನ್ನುವ ಬಾಕ್ಸ್ ವಾರಗಿತ್ತಿ! ಏನು ತಲೆಯಮ್ಮಾ ನಿನ್ನದು, ಇಷ್ಟು ವರ್ಷದ ಪ್ರಕಾಶನದಲ್ಲಿ ಇಂಥ ಹೆಸರಿಟ್ಟವರನ್ನು ನಾನು ಕಂಡಿಲ್ಲ ಎಂದು ಅವಳಿಗೆ ಹೇಳಿದರು. ಅವಳಿಗೆ! ನಾನು ಕಷ್ಟಪಟ್ಟು, ಮನೆಯಲ್ಲಿ ಒಂದೊಂದು ಮಾತು ನುಂಗಿ, ಒಂದೊಂದು ಸಂಕಟಕ್ಕೆ ಒಂದೊಂದು ಹೆಸರು ಹುಡುಕಿ ಇಟ್ಟಿದ್ದು. ಅದರ ಹೊಗಳಿಕೆಯೂ ಚಿಕ್ಕವಳ ಪಾಲಿಗೇ. ಮೊಬೈಲಿನ ಅಕ್ಷರಕ್ಕೆ ಹೊಗಳಿದರು, ಸಹಿಸಿದೆ. ಪ್ರಿಂಟರಿಗೆ ಹೊಗಳಿದರು, ಸಹಿಸಿದೆ. ಇದನ್ನು ಮಾತ್ರ ನನ್ನ ಕೈಯಲ್ಲಿ ಆಗಲಿಲ್ಲ.

"ಆ ಹೆಸರುಗಳು ನಂದು," ಅಂದೆ. ಎದ್ದು ನಿಂತಿದ್ದೆ ಅಂತ ಕಾಣುತ್ತದೆ, ಪ್ರೊಜೆಕ್ಟರಿನ ಬೆಳಕು ನೇರ ನನ್ನ ಮುಖಕ್ಕೆ ಬಡಿಯುತ್ತಿತ್ತು. "ಇಟ್ಟಿದ್ದೂ ನಾನೇ, ಮೊನ್ನೆ ಅಳಿಸಿದ್ದೂ ನಾನೇ. ಅವಳ ಸ್ಕ್ರಿಪ್ಟ್ ಸರಿಯಾಗೇ ಇದೆ."

ಸತ್ಯಕ್ಕಾಗಿ ಹೇಳಿದೆ ಎಂದು ಯಾರಾದರೂ ತಿಳಿದುಕೊಂಡರೆ ಬೇಡ ಅನ್ನುವುದಿಲ್ಲ. ಆದರೆ ನನಗೆ ಗೊತ್ತು, ನಾನು ಹೇಳಿದ್ದು ಶುದ್ಧ ಹೊಟ್ಟೆಕಿಚ್ಚಿನಿಂದ.

ಸಂಪಾದಕರ ನಗು ಅಲ್ಲಿಗೇ ನಿಂತಿತು. ಮಾಲೀಕರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೆಸರುಗಳನ್ನೆಲ್ಲ ಇದ್ದ ಹಾಗೆ ಮಾಡಿಕೊಡಿ, ಕೆಲಸ ಮುಂದುವರಿಯಲಿ, ವಿಶ್ವಕೋಶದ ಹೊಣೆ ಇನ್ನು ಮೇಲೆ ಈ ಹುಡುಗಿಯದು ಅಂದರು. ಕೊನೆಯ ಸಂಪುಟ ಅರ್ಧ ಆಗಿದೆಯಲ್ಲ, ಅದನ್ನು ಅವಳು ಹೇಳಿದ ಹಾಗೆ ಮುಗಿಸಿ, ನಿಮ್ಮ ಮುಂದಿನದು ಆಮೇಲೆ ನೋಡೋಣ ಎಂದು ನನಗೆ ಹೇಳಿದರು. ಅಂದರೆ ಮನೆಯಲ್ಲಿ ದೊಡ್ಡವಳು, ಆಫೀಸಿನಲ್ಲಿ ಅವಳ ಕೈಕೆಳಗಿನವಳು.

ಹೊರಗೆ ಬಂದು ಅವಳ ಮೂಲೆಗೇ ನೆಟ್ಟಗೆ ಹೋದೆ. ಸೋತಮೇಲೆ ಇನ್ನೇನು ಮರ್ಯಾದೆ? ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ನಾನೇನೋ ನಿನ್ನ ಹೆಸರನ್ನ ಬಾಕ್ಸಿಗೆ ಇಟ್ಟೆ. ನೀನು ಕಸದ ಬುಟ್ಟಿಗೆ ಅಕ್ಕ ಅಂತ ನನ್ನ ಹೆಸರಿಟ್ಟಿದ್ದೀಯಲ್ಲೇ?"

"ಕಸ ಅಲ್ಲ ಅಕ್ಕ," ಅಂದಳು. ಅವಳ ಕಣ್ಣು ತುಂಬಿತ್ತು, ಆದರೂ ದನಿ ಗಟ್ಟಿಯಾಗೇ ಇತ್ತು. "ಸ್ಕ್ರಿಪ್ಟಿಗೆ ಏನು ಗೊತ್ತಾಗಲ್ವೋ ಅದೆಲ್ಲ ಅಲ್ಲಿ ಹೋಗುತ್ತೆ. ನಿಮ್ಮನ್ನ ಕೇಳೋಣ ಅಂತ. ಕೇಳೋಕೆ ಬಂದ್ರೆ ನೀವು ತಿರುಗಿ ಕೂಡ ನೋಡ್ತಿರಲಿಲ್ಲ. ಅದಕ್ಕೇ ಒಟ್ಟು ಹಾಕಿಟ್ಟಿದ್ದೆ."

ಅವಳು ಮೂಗೊರೆಸಿಕೊಂಡು ಆನೆಯ ಪುಟ ತೆರೆದಳು, ಅದರ ಬಾಕ್ಸನ್ನು ದೊಡ್ಡದು ಮಾಡಿ ತೋರಿಸಿದಳು. ಒಂದೊಂದು ಪುಟದಲ್ಲೂ ಬಾಕ್ಸಿನ ಅಂಚನ್ನು ನೀವು ಕೈಯಲ್ಲೇ ಸರಿಮಾಡಿದ್ದೀರಿ, ಅತ್ತೆಗೂ ಇಷ್ಟು ಮಾಡಿಲ್ಲ ಅಂದಳು. ನಿಜ. ಸಿಟ್ಟು ಬಂದಾಗೆಲ್ಲ ನಾನು ಅದನ್ನೇ ತಿದ್ದಿ ತೀಡುತ್ತಾ ಕೂರುತ್ತಿದ್ದೆ. ಎಷ್ಟು ಬೈಯುತ್ತಿದ್ದೆನೋ ಅಷ್ಟು ಚೆಂದ ಆಗುತ್ತಿತ್ತು.

"ಮಕ್ಕಳು ಕೈ ಹಿಂದಕ್ಕೆಳ್ಕೋತಾರೆ ಅಂತ ನೀವು ಹೇಳಿದಾಗೆಲ್ಲ ನಂಗೆ ಹೊಟ್ಟೆ ಉರೀತಿತ್ತು," ಅಂದಳು. "ನಾನು ಮಾಡಿದ್ದು ಸರಿ ಇದ್ರೆ ಯಾರ ಕಣ್ಣಿಗೂ ಬೀಳಲ್ಲ ಅಕ್ಕ. ತಪ್ಪಾದ್ರೆ ಮಾತ್ರ ಗೋಡೆ ಮೇಲೆ ಬರುತ್ತೆ."

ಹೊಟ್ಟೆಕಿಚ್ಚಾದರೂ ನನ್ನದೊಬ್ಬಳದೇ ಎಂದುಕೊಂಡಿದ್ದೆ, ಅದರಲ್ಲೂ ಪಾಲು! ನಾನು ಕುರ್ಚಿ ಎಳೆದುಕೊಂಡು ಕೂತೆ. ಎಲ್ಲಿ, ಏನೇನು ಗೊತ್ತಾಗಿಲ್ಲ ತೋರಿಸು ಅಂದೆ. ಹಳೆಯ ಹೆಸರುಗಳನ್ನೆಲ್ಲ ಅವರವರ ಜಾಗಕ್ಕೆ ವಾಪಸು ತಂದಮೇಲೆ, ಅಕ್ಕನ ಗುಡ್ಡೆಯನ್ನು ಕರಗಿಸಲು ಹಿಡಿದೆವು. ನದಿಯ ಪುಟದಲ್ಲಿ ಒಂದು ಸಾಲು ಯಾಕೆ ಓರೆಯಾಗಿದೆ, ಕಪ್ಪೆಯ ಪುಟದಲ್ಲಿ ಖಾಲಿ ಜಾಗ ಯಾಕೆ. ಕಪ್ಪೆ ಹಾರಬೇಕಲ್ಲ, ಅದಕ್ಕೆ ಅಂದೆ. ಅವಳು ಅದನ್ನು ಹಾಗೇ ಬರೆದುಕೊಂಡು, ಈ ಜಾಗ ಮೊಬೈಲಿನಲ್ಲೂ ಇರಬೇಕು ಅಂದಳು. ನನಗೆ ಹೇಳುವುದರಲ್ಲಿ ಒಂಥರಾ ರುಚಿ ಹತ್ತಿತು. ದಿನಾ ಹೇಳಿದೆ.

ಇದೆಲ್ಲ ಅತ್ತೆಯ ಕಿವಿಗೂ ಬಿತ್ತು. ಹೇಳಿದವಳು ಅವಳಲ್ಲ, ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ನಾನೇ ಒಂದು ದಿನ ಒದರಿದೆ. ಅಂದು ನಗು ನಿಲ್ಲಿಸಿದಿರಲ್ಲ, ಏನು ಮಾತಾಡಿಕೊಳ್ಳುತ್ತಿದ್ದಿರಿ ಎಂದೂ ಕೇಳಿದೆ. ಅವರಿಗೆ ನೆನಪೇ ಇರಲಿಲ್ಲ. ಬೈಗುಳ ಬೀಳುತ್ತದೆ ಎಂದು ಕಾದರೆ, ಅವರು ಮಿಷನ್ನಿನ ಕಾಲೆತ್ತಿ ಆ ಸಂಪುಟವನ್ನು ಹೊರಗೆ ಎಳೆದು ಧೂಳು ಒರೆಸಿದರು. ನಾನು ಯಾವುದು, ತೋರಿಸು ಅಂದರು. ತೋರಿಸಿದೆ. ಪುಟದ ಮೇಲೆ ಕೂತಿದ್ದ ದಪ್ಪ ಅಕ್ಷರವನ್ನು ಬಹಳ ಹೊತ್ತು ನೋಡಿ, ಇನ್ನೂ ಸ್ವಲ್ಪ ದೊಡ್ಡದಿರಬಹುದಿತ್ತು ಅಂದರು. ಪುಸ್ತಕ ಮತ್ತೆ ಮಿಷನ್ನಿನ ಕೆಳಗೆ ಹೋಗಲಿಲ್ಲ. ಈಗ ಮಿಷನ್ ಅಲ್ಲಾಡುತ್ತದೆ, ದಿನಾ ಅದಕ್ಕೂ ನನ್ನ ಮೇಲೇ ಗೊಣಗುತ್ತಾರೆ.

ನಮ್ಮ ಅಕ್ಕನ ಗುಡ್ಡೆ ಕರಗುತ್ತಾ ಬಂತು. ಒಂದು ದಿನ ಸ್ಕ್ರಿಪ್ಟ್ ಓಡಿಸಿದರೆ ಒಂದೇ ಒಂದು 'ಅಕ್ಕ' ಬರಲಿಲ್ಲ. ಅವಳು ಖುಷಿಯಿಂದ ಚಪ್ಪಾಳೆ ತಟ್ಟಿದಳು, ಸಂಪಾದಕರು ಬಂದು ಬೆನ್ನು ತಟ್ಟಿದರು, ಎಲ್ಲರೂ ಅವಳ ಮೂಲೆಯಲ್ಲಿ ಸೇರಿದರು. ನಾನು ಕಿಟಕಿಯ ಪಕ್ಕದ ನನ್ನ ಮೇಜಿಗೆ ಬಂದು ಕೂತೆ. ಇನ್ನು ಅವಳಿಗೆ ಕೇಳುವುದೇನೂ ಇಲ್ಲ. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು, ಆದರೆ ಈ ಸಲ ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಅವಳನ್ನು ಸುತ್ತಿಕೊಂಡಿದ್ದ ಆ ಜನರ ಮೇಲಿರಬೇಕು.

ಕೊನೆಯ ಸಂಪುಟದ ಫೈಲ್ ತೆರೆದೆ. ನಕ್ಷತ್ರಗಳ ಪುಟ ಬಾಕಿ ಇತ್ತು. ಬಾಕ್ಸಿನ ಕೆಳಗೆ ಒಂದು ಸಣ್ಣ ಸಾಲು ಬಂತು, ಮಾಮೂಲಿ ಪಠ್ಯದಲ್ಲೇ ಕೂರಿಸಬಹುದಾದ ಸಾಲು. ಅದಕ್ಕೆ ಹೊಸದೊಂದು ಸ್ಟೈಲ್ ಮಾಡಿದೆ, ಅವಳ ಪಟ್ಟಿಯಲ್ಲಿಲ್ಲದ, ಯಾರಿಗೂ ಹೇಳದ ಒಂದು ಹೆಸರಿಟ್ಟೆ, ಫೈಲನ್ನು ಅವಳಿಗೆ ಕಳಿಸಿದೆ. ಕೈಕಟ್ಟಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಬಾಗಿಲ ಕಡೆಯಿಂದ ಅವಳ ದನಿ ಬಂತು.

"ಅಕ್ಕಾ, ಇಲ್ಲೊಂದು ಗೊತ್ತಾಗ್ತಿಲ್ಲ. ಸ್ವಲ್ಪ ಬರ್ತೀರಾ?"

ಅಷ್ಟೊಂದು ಜನರನ್ನು ಸರಿಸಿಕೊಂಡು ಹೋಗಬೇಕಲ್ಲ, ನನಗೇನೂ ಅವಸರವಿರಲಿಲ್ಲ. ಬಂದೆ ತಡಿಯೇ ಅಂದು, ನಿಧಾನವಾಗಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ.